ನಕ್ಷೆಯಲ್ಲಿ ಖಾಲಿ, ನೆಲದಲ್ಲಿ ನಲವತ್ತಮೂರು ಜನ

ಬೆಳಗಿನ ಐದೂವರೆ. ಹರ್ಮಿನಿಯಾ ಓಚೋವಾ ಕಬ್ಬಿಣದ ಗೂಟವನ್ನು ಮರಳಿಗೆ ಊರಿ ಸುತ್ತಿಗೆ ಬೀಸುತ್ತಾರೆ. ಮೂರನೇ ಏಟಿಗೆ ಗೂಟ ಠಣ್ ಎನ್ನುತ್ತದೆ. ಬಗ್ಗಿ ಕೈಯಿಂದ ಮಣ್ಣು ಸರಿಸುತ್ತಾರೆ. ಕೆಳಗೆ ಸುಣ್ಣ ಬಳಿದ ಕಲ್ಲು. ಆ ಸುಣ್ಣ ಬಳಿದವರು ಅವರೇ, ಕಳೆದ ನವೆಂಬರಿನಲ್ಲಿ.

ತಲೆಯೆತ್ತಿದರೆ ಹಳೇ ತಾಮ್ರದ ಗಣಿಯ ಹೊಗೆಗೂಡು. ಹೊಸ ರಸ್ತೆ ಗುಡ್ಡದ ಆ ಕಡೆಯಿಂದ ಬಂದಿದ್ದಕ್ಕೆ ಇಷ್ಟು ಹೊತ್ತು ಗುರುತೇ ಹತ್ತಿರಲಿಲ್ಲ. ರಸ್ತೆ ಅಗೆದ ಮಣ್ಣನ್ನೆಲ್ಲ ತಂದು ಇಲ್ಲೇ ಸುರಿದಿದ್ದಾರೆ. ಗೂಟ ಬಡಿದಿರುವುದು ಎಂಟು ತಿಂಗಳ ಕೂಸಾಗಿದ್ದಾಗಲೇ ಜ್ವರದಲ್ಲಿ ತೀರಿಕೊಂಡ ತಮ್ಮ ಎವರಿಸ್ಟೋನ ಗೋರಿಗೆ!

ಗೂಟಕ್ಕೆ ಕಟ್ಟಬೇಕಾದ ಬೋರ್ಡಿನಲ್ಲಿ ಹೀಗಿದೆ: ‘ಖಾಲಿ ಜಾಗ. ಇನ್ನೂರ ಹತ್ತು ಮನೆಗಳ ಬಡಾವಣೆ. ಅಹವಾಲು ಸಭೆ ಇದೇ ಇಪ್ಪತ್ತಾರಕ್ಕೆ.’

ಅರಿಜೋನಾದ ಪಾಲೋ ಸೆಕೊ ಕೌಂಟಿಯಲ್ಲಿ ಏನು ಕಟ್ಟಬೇಕಾದರೂ ಮೊದಲು ಇಂಥ ಹಳದಿ ಬೋರ್ಡ್ ನಿಲ್ಲಬೇಕು. ಹದಿನೇಳು ವರ್ಷಗಳಿಂದ ಅದನ್ನು ನೆಡುತ್ತಿರುವವರು ಹರ್ಮಿನಿಯಾ. ಮೊದಲೆಲ್ಲ ವಾರಕ್ಕೆ ಮೂರು ಬೋರ್ಡು, ಈಗ ದಿನಕ್ಕೆ ಹನ್ನೊಂದು. ಸುತ್ತಲಿನ ಮುನ್ನೂರು ಅಡಿಯೊಳಗೆ ಇರುವವರಿಗೆಲ್ಲ ನೋಟಿಸ್ ಮುಟ್ಟಿಸುವುದೂ ಅವರದೇ ಕೆಲಸ. ವಯಸ್ಸು ಅರವತ್ತೆರಡು, ಬಲಗೈ ಭುಜ ನೋವು ಬಿಟ್ಟ ದಿನವಿಲ್ಲ.

“ಜನ ಬೋರ್ಡ್ ಓದಲ್ಲ, ಅದರ ನೆರಳಲ್ಲಿ ನಾಯಿ ಮಲಗ್ಸಿ ಹೋಗ್ತಾರೆ” ಎಂದು ನಗುತ್ತಿದ್ದವರು ಇವರು. ಇವತ್ತು ನಗು ಇಲ್ಲ. ಗಣಿ ಮುಚ್ಚಿತು, ಕಾರ್ಮಿಕರ ಗುಡಿಸಲುಗಳನ್ನು ಕೆಡವಿದರು, ಆದರೆ ಅವರ ಮಸಣವನ್ನು ನಕ್ಷೆಗೆ ಏರಿಸಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಪ್ರತಿ ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಚೆಂಡುಹೂ, ಸಿಹಿ ರೊಟ್ಟಿ ಇಟ್ಟು ಬರುವ ಜಾಗ ಸರ್ಕಾರದ ಕಣ್ಣಿಗೆ ಖಾಲಿಯಂತೆ!

ಹರ್ಮಿನಿಯಾ ಗೂಟ ಕಿತ್ತು ಆರು ಹೆಜ್ಜೆ ಆಚೆ ನೆಡುತ್ತಾರೆ. “ಸಿಟ್ಟು ಬಂತು ಅಂತ ನೆಡ್ದೆ ಇರೋಕಾಗುತ್ತಾ? ಕೆಲಸ ಕೆಲಸಾನೇ.”

ಎಂಟು ಗಂಟೆಗೆ ಅವರು ಯೋಜನಾ ಕಚೇರಿಯ ವೆಂಡೆಲ್ ಎದುರು ನಿಂತು, ಆ ಜಾಗ ಖಾಲಿಯಲ್ಲ ಎನ್ನುತ್ತಾರೆ.

“ನಕ್ಷೇಲಿ ಏನೂ ಇಲ್ವಲ್ರೀ” ಎನ್ನುತ್ತಾನೆ ಅವನು.

“ಜನಕ್ಕೆ ಹಂಚೋ ನೋಟಿಸ್ ಕೊಡಿ. ನಲವತ್ಮೂರು.”

“ಅಲ್ಲಿ ಯಾರಿದಾರೆ?”

“ನನ್ನ ತಮ್ಮ ಇದಾನೆ. ಅವನ ಗೋರಿ ಸುತ್ತ ಇನ್ನೂ ನಲವತ್ತೆರಡು ಜನ.”

ವೆಂಡೆಲ್ ಬೆಚ್ಚಿಬೀಳುತ್ತಾನೆ. “ಏನ್ರೀ ಹರ್ಮಿನಿಯಾ, ಸತ್ತೋರಿಗೆ ನೋಟಿಸಾ?”

“ನಿಯಮದಲ್ಲಿ ‘ಅಲ್ಲಿರುವವರು’ ಅಂತಿದೆ. ‘ಬದುಕಿರುವವರು’ ಅಂತ ಎಲ್ಲಿದೆ ತೋರ್ಸಿ, ಸುಮ್ನಾಗ್ತೀನಿ.”

ಅವನು ನಿಯಮದ ಪುಸ್ತಕವನ್ನು ಎರಡು ಸಲ ತಿರುವಿ ಹಾಕುತ್ತಾನೆ, ಸಿಗುವುದಿಲ್ಲ. ನೋಟಿಸಿನ ಕಟ್ಟು ಎತ್ತಿ ಕೊಡುತ್ತಾನೆ. ನೋಟಿಸ್ ಪಡೆದವರ ಹೆಸರುಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಲೇಬೇಕು, ಅದೂ ನಿಯಮ. ಓದಬೇಕಾದವನು ಅವನೇ.

ಈಗ ಅವರು ಮತ್ತೆ ಗೋರಿಗಳ ನಡುವೆ ಇದ್ದಾರೆ. ಸುರಿದ ಮಣ್ಣು ಸರಿಸಿ ಒಂದೊಂದು ನೋಟಿಸನ್ನೂ ಕಲ್ಲಿನಡಿ ಸಿಕ್ಕಿಸಿ, ನೆನಪಿನಿಂದಲೇ ಹೆಸರು ಬರೆದುಕೊಳ್ಳುತ್ತಾರೆ. ಏಳು ಜನರದು ನೆನಪಿಲ್ಲ. ಅಲ್ಲಿ ‘ಗಣಿ ಕೆಲಸದವರು’ ಎಂದಷ್ಟೇ ಬರೆಯುತ್ತಾರೆ. ತಮ್ಮನ ಕಲ್ಲಿನ ಮೇಲೆ ಸುಣ್ಣ ಚಕ್ಕೆಯೆದ್ದಿದೆ. ಅದನ್ನು ಸವರುವಾಗ ಕಣ್ಣು ತುಂಬಿಕೊಳ್ಳುತ್ತದೆ.

ಸಭೆ ಏನು ತೀರ್ಮಾನಿಸುತ್ತದೋ ಅವರಿಗೆ ಗೊತ್ತಿಲ್ಲ. “ಮನೆ ಬೇಡ ಅನ್ನಲ್ಲ, ಜನ ಎಲ್ಲಿಗೆ ಹೋಗ್ಬೇಕು? ಈ ಒಂದು ಮೂಲೆ ಬಿಡ್ಲಿ. ಆ ‘ಖಾಲಿ’ ಅನ್ನೋ ಪದ ಹೊಡೆದು ಹಾಕ್ಲಿ.”

ಕೊನೆಯ ಕಾಗದ ಸಿಕ್ಕಿಸಿ ಕೈ ಕೊಡವುತ್ತಾರೆ. “ಹದಿನೇಳು ವರ್ಷದಲ್ಲಿ ನಾನು ಕೊಟ್ಟ ಒಂದೇ ಒಂದು ನೋಟಿಸೂ ‘ಆ ವಿಳಾಸದಲ್ಲಿ ಯಾರೂ ಇಲ್ಲ’ ಅಂತ ವಾಪಸ್ ಬಂದಿಲ್ಲ. ಇವೂ ಬರಲ್ಲ.”