ಸರೋಜಕ್ಕ ಬರೆಯದ ಬೋರ್ಡ್

ಹೋದ ಭಾನುವಾರ ನಮ್ಮೂರು ಅಣ್ಣಿಗೇರಿಯಿಂದ ಬಸಪ್ಪ ಕಾಕಾ ಇನ್ನಿಬ್ಬರು ಹಿರಿಯರನ್ನು ಕರೆದುಕೊಂಡು ಹುಬ್ಬಳ್ಳಿಯ ನಮ್ಮ ಮನೆಗೆ ಬಂದರು. ಚಹಾ ಕುಡಿದರು. ಆಮೇಲೆ ವಿಷಯಕ್ಕೆ ಬಂದರು. ಸರೋಜಕ್ಕನ ಹಾಡಿನ ರೆಕಾರ್ಡ್ ಅಂಗಡಿ ಬಂದ್ ಆಗಿದ್ದು ಊರಿಗೆ ಒಳ್ಳೆಯದೇ ಆಯಿತು ಅಂತ ನಾನು ಈ ಅಂಕಣದಲ್ಲಿ ನಾಲ್ಕು ಸಾಲು ಬರೆಯಬೇಕಂತೆ.

ಬರೆಯುತ್ತಿದ್ದೇನೆ. ನಾಲ್ಕು ಸಾಲು ಸಾಲುವುದಿಲ್ಲ, ಅಷ್ಟೇ.

ಸರೋಜಕ್ಕ ಅಣ್ಣಿಗೇರಿಯಲ್ಲಿ ನಮ್ಮ ಓಣಿಯವಳು. ಗಂಡ ತೀರಿಕೊಂಡ ಮೇಲೆ ಕೆಲವು ವರ್ಷ ವಾಸ್ಕೋದಲ್ಲಿ ತಮ್ಮನ ಮನೆಯಲ್ಲಿದ್ದಳು. ಗೋವಾಕ್ಕೆ ಬಂದ ಉದ್ದಗೂದಲಿನ ಪರದೇಶಿ ಹುಡುಗರು ಕೈ ಖಾಲಿಯಾದಾಗ ತಮ್ಮ ರೆಕಾರ್ಡುಗಳನ್ನು ಅಲ್ಲಿಯ ಸಂತೆಯಲ್ಲಿ ಮಾರುತ್ತಿದ್ದರು. ಸರೋಜಕ್ಕ ಒಂದನ್ನು ಕೇಳಿದಳು. ಮತ್ತೊಂದನ್ನು ಕೇಳಿದಳು. ಊರಿಗೆ ಮರಳುವಾಗ ಅವಳ ಟ್ರಂಕಿನಲ್ಲಿ ಸೀರೆಗಿಂತ ರೆಕಾರ್ಡೇ ಹೆಚ್ಚು.

ಸ್ಟೇಷನ್ ರಸ್ತೆಯಲ್ಲಿ ಬಸಪ್ಪ ಕಾಕಾ ಅವರದೇ ಖೋಲಿ ಬಾಡಿಗೆ ಹಿಡಿದು ಅಂಗಡಿ ಇಟ್ಟಳು. ಮಾರುತ್ತಿದ್ದುದು ಸೈಕೆಡೆಲಿಕ್ ಸಂಗೀತ, ಅಂದರೆ ಅಮಲೇರಿದಂತೆ ತಲೆ ತೇಲಿಸುವ ಪರದೇಶದ ಗಿಟಾರ್ ಹಾಡುಗಳು. ಅದೆಲ್ಲ ನಮ್ಮೂರಿಗೆ ಏನು ಗೊತ್ತು? ಜನ 'ಸೈಕಲ್ ಸಂಗೀತ' ಅಂದರು. (ಒಬ್ಬರು ನಿಜವಾಗಿಯೂ ಪಂಕ್ಚರ್ ಹಾಕಿಸಲು ಬಂದಿದ್ದರು.) ಆದರೆ ಹುಬ್ಬಳ್ಳಿ, ಧಾರವಾಡದ ಕಾಲೇಜು ಹುಡುಗರು ಹುಡುಕಿಕೊಂಡು ಬಂದರು. ಅವಳ ತಮ್ಮ ವಾಸ್ಕೋದಿಂದ ರೈಲಿನಲ್ಲಿ ರೆಕಾರ್ಡುಗಳ ಪಾರ್ಸಲ್ ಕಳಿಸುತ್ತಿದ್ದ. ಇವಳು ಅದನ್ನು ಬಸ್ಸಿನಲ್ಲಿ ಗದಗ, ಬೆಳಗಾವಿಯ ಅಂಗಡಿಗಳಿಗೂ ಮುಟ್ಟಿಸುತ್ತಿದ್ದಳು. ಹಿಂದೆ ಯಾವ ಕಂಪನಿಯೂ ಇಲ್ಲ, ಏಜೆನ್ಸಿಯೂ ಇಲ್ಲ. ಆ ಇಂಗ್ಲಿಷ್ ನಿನಗೆ ತಿಳಿಯುತ್ತದೇನಕ್ಕ ಅಂತ ಒಮ್ಮೆ ಕೇಳಿದ್ದೆ. ಒಂದಕ್ಷರವೂ ತಿಳಿಯುವುದಿಲ್ಲ, ಗಿಟಾರ್ ಸುತ್ತಿ ಸುತ್ತಿ ಮೇಲೇರುವಾಗ ನಾನೂ ಏರುತ್ತೇನೆ, ಸಾಕಲ್ಲ ಅಂದಳು.

ವರ್ಷಗಟ್ಟಲೆ ಯಾರದೂ ತಕರಾರಿರಲಿಲ್ಲ. ಕಾಕಾ ಅವರ ಮಗನೇ ಕಾಯಂ ಗಿರಾಕಿ.

ಈ ಬೇಸಿಗೆಯಲ್ಲಿ ಹುಡುಗಿಯರು ಬರತೊಡಗಿದರು. ಹೊಲಿಗೆ ಕ್ಲಾಸು ಮುಗಿಸಿ ಬಂದು, ಚಾಪೆಯ ಮೇಲೆ ಕೂತು ಕೇಳುತ್ತಿದ್ದರು. ಅವರಲ್ಲಿ ಕಾಕಾ ಅವರ ಮಗಳು ಕಮಲಾ ಕೂಡ ಇದ್ದಳು. ಒಂದು ಮಧ್ಯಾಹ್ನ ಕಾಕಾ ರಸ್ತೆಯಲ್ಲಿ ಹೋಗುವಾಗ, ಮಗಳು ಕಣ್ಣು ಮುಚ್ಚಿ ತಲೆ ತೂಗುತ್ತಿರುವುದು ಕಾಣಿಸಿತು.

ಅಷ್ಟೇ ಸಾಕಾಯಿತು! ಇದು ಗಾಂಜಾ ಸಂಗೀತ, ಮನೆತನದ ಹುಡುಗಿಯರು ಹಾಳಾಗುತ್ತಾರೆ ಅಂತ ಊರೆಲ್ಲ ಮಾತು. (ಆ ಅಂಗಡಿಯಲ್ಲಿ ಸಿಗುತ್ತಿದ್ದ ಒಂದೇ ಒಂದು ಅಮಲು ಚಹಾ.)

ಕಾಕಾ ಅಂಗಡಿಗೆ ಬಂದಾಗ, ಊರಿಗೆ ಹೋಗಿದ್ದ ನಾನೂ ಅಲ್ಲೇ ಇದ್ದೆ. ಅಂಗಡಿ ಬಿಡಿಸುವ ಇರಾದೆ ತಮಗಿಲ್ಲ ಅಂದರು. ಹುಡುಗರು ಬರಲಿ, ವ್ಯಾಪಾರ ನಡೆಯಲಿ. ಬಾಗಿಲಿಗೆ ಒಂದು ಬೋರ್ಡ್ ಹಾಕಿದರಾಯಿತು: ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ.

ಸರೋಜಕ್ಕ ತಿರುಗುತ್ತಿದ್ದ ರೆಕಾರ್ಡಿನ ಮೇಲಿಂದ ಸೂಜಿ ಎತ್ತಿಟ್ಟಳು.

"ಹಂಗಾದ್ರ ಮೊದಲ ನಾನ ಹೊರಗ ಹೋಗಬೇಕಾಕ್ಕೈತಲ್ರೀ ಕಾಕಾ," ಅಂದಳು.

ಹೋದಳು ಕೂಡ. ಸಂಜೆಯೊಳಗೆ ರೆಕಾರ್ಡುಗಳನ್ನು ಚಕ್ಕಡಿಯಲ್ಲಿ ಹೇರಿ ಮನೆಗೆ ಸಾಗಿಸಿ, ಬೀಗದ ಕೈ ಕಾಕಾ ಅವರ ಕೈಗೆ ಕೊಟ್ಟಳು. ಅಳಲಿಲ್ಲ.

ಭಾನುವಾರ ಇದನ್ನೆಲ್ಲ ನೆನಪಿಸಿ ಕಾಕಾ ಅವರನ್ನು ಕೇಳಿದೆ: ಅದೇ ಹಾಡು ಕೇಳಿ ನಿಮ್ಮ ಮಗ ಕೆಟ್ಟನೇನು?

"ಅವ ಗಂಡಸು ಮಗ. ಅವನ ಮಾತ ಬ್ಯಾರೆ ಬಿಡ್ರಿ," ಅಂದರು. ಜೊತೆಯಲ್ಲಿದ್ದ ಹಿರಿಯರು ಹೌದ್ಹೌದು ಅಂತ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ನೀವು ಹೇಳಿದಂತೆ ಬರೆಯುವುದಿಲ್ಲ ಅಂದೆ. ಎದ್ದು ಹೋದರು.

ಸರೋಜಕ್ಕ ಈಗ ಮನೆಯ ಪಡಸಾಲೆಯಲ್ಲೇ ವ್ಯಾಪಾರ ಮಾಡುತ್ತಾಳೆ. ಗದಗಿಗೆ, ಬೆಳಗಾವಿಗೆ ಪಾರ್ಸಲ್ ಹೋಗುತ್ತಿದೆ. ಕಾಕಾ ಅವರ ಮಗ ಮೊನ್ನೆಯೂ ಬಂದು ಹೊಸದೊಂದು ರೆಕಾರ್ಡ್ ಒಯ್ದ. ಕಮಲಾಳಿಗೆ ಮಾತ್ರ ಹೊಲಿಗೆ ಕ್ಲಾಸು ಬಿಡಿಸಿದ್ದಾರೆ, ಹೊಸ್ತಿಲು ದಾಟಲು ಬಿಡುತ್ತಿಲ್ಲ. ಅಣ್ಣ ಅದೇ ಮನೆಯಲ್ಲಿ ರೆಕಾರ್ಡ್ ಹಚ್ಚಿದರೆ ಅವಳು ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು ಕೂಡಬೇಕೇನು?