ಎರಡನೆಯ ಕಣ್ಣಿಗೆ ಒಂದು ಹನಿ

ಹನಿ ಬೀಳುವುದು ಕಣ್ಣಿಗೆ, ಕಹಿಯಾಗುವುದು ಗಂಟಲು. ನುಂಗದೆಯೇ ನಾಲಿಗೆಯ ಬುಡಕ್ಕೆ ಇಳಿಯುವ ಆ ಕಹಿ ಎರಡು ವರ್ಷಗಳಲ್ಲಿ ನನಗೆ ಮೂರನೆಯ ಸಲ ಬಂದಿತ್ತು.

ಬಲಗಣ್ಣಿನ ಒಳಗೆ ಉರಿಯೂತ. ಬೆಳಕು ಸೂಜಿಯಂತೆ ಚುಚ್ಚುತ್ತಿತ್ತು; ಹೊರಗೆ ಹೋಗಲು ಕಪ್ಪು ಕನ್ನಡಕ ಬೇಕಿತ್ತು. ದಂಡಿನ ಕ್ಯಾಂಪಿನ ಡಾಕ್ಟರು ಕೊಟ್ಟ ಹನಿ ಕಣ್ಣಿನ ಪಾಪೆಯನ್ನು ಅಗಲ ಮಾಡಿ ನೋವು ತಗ್ಗಿಸುತ್ತಿತ್ತು. ಆದರೆ ಹನಿ ಹಾಕಿದ ಕಣ್ಣಿಗೆ ದೂರದ್ದು ಕಂಡರೂ ಎಷ್ಟೋ ದಿನ ಹತ್ತಿರದ ಅಕ್ಷರ ಕಾಣುತ್ತಿರಲಿಲ್ಲ. ವಾಸಿಯಾಗುತ್ತದೆಯೇ ಎಂದು ಕೇಳಿದ್ದೆ. "ಹೋಗುತ್ತದೆ, ಮತ್ತೆ ಬರುತ್ತದೆ" ಎಂದಿದ್ದರು.

ಹಾಗಾಗಿ ಎಡಗಣ್ಣಿನಿಂದ ಓದುತ್ತಿದ್ದೆ. ಬಲಗಣ್ಣಿಗೆ ಕರವಸ್ತ್ರ ಕಟ್ಟಿ, ಕಿಟಕಿಗೆ ಬೆನ್ನು ಮಾಡಿ, ಒಂದು ಸಲಕ್ಕೆ ಎರಡು ಪುಟ. ಬಿ.ಎ. ಮುಗಿಸಿದ್ದು ಹಾಗೆಯೇ. ನಾವಿದ್ದ ಮರಾಠಿ ಊರಿನ ಪೇಟೆಯ ಹೆಣ್ಣುಮಕ್ಕಳ ಶಾಲೆಯೊಂದರಿಂದ ಶಿಕ್ಷಕಿಯ ಕೆಲಸಕ್ಕೆ ಕರೆ ಬಂದಿತ್ತು. ಶುಕ್ರವಾರ ಬೆಳಿಗ್ಗೆ ಹೋಗಿ, ಅವರು ಕೊಟ್ಟ ಪುಸ್ತಕದಿಂದ ಒಂದು ಪಾಠ ಮಾಡಿ ತೋರಿಸಬೇಕಿತ್ತು. ಆ ಕೆಲಸ ನನಗೆ ಬೇಕಾಗಿತ್ತು. ಬೇರೆ ಏನನ್ನೂ ನಾನು ಅಷ್ಟು ಬೇಡಿಕೊಂಡಿರಲಿಲ್ಲ.

ಗುರುವಾರ ಮಧ್ಯಾಹ್ನ ನನ್ನನ್ನು ನೋಡಲು ಬೆಳಗಾವಿ ಕಡೆಯ ಒಂದು ಮನೆತನ ಬರುವುದಿತ್ತು. ಕಣ್ಣಿನ ಕೆಂಪು ಅಷ್ಟರಲ್ಲಿ ಇಳಿದಿತ್ತು. ಬೆಳಿಗ್ಗೆ ಚಾಪೆಯ ಮೇಲೆ ಮಲಗಿದ್ದೆ. ಅವ್ವ ಬಲಗಣ್ಣಿಗೆ ಹನಿ ಹಾಕಿದಳು. ಆಮೇಲೆ ಅವಳ ಬೆರಳು ಎಡಗಣ್ಣಿನ ರೆಪ್ಪೆ ಬಿಡಿಸಿತು. ತಣ್ಣಗೆ ಒಂದು ಹನಿ ಬಿತ್ತು.

"ಅವ್ವಾ, ಅದು ತಪ್ಪು ಕಣ್ಣು!"

"ತಪ್ಪಲ್ಲ," ಎಂದಳು. "ಒಂದು ಕಣ್ಣು ದೊಡ್ಡದು, ಒಂದು ಸಣ್ಣದು ಕಾಣಸ್ತದ. ಬಂದ ಮಂದಿ ನೋಡಂಗಿಲ್ಲೇನು? ಎರಡೂ ಸಮ ಆಗ್ಲಿ."

"ನಾಳೆ ನಾ ಓದಬೇಕು."

"ನಾಳಿಂದು ನಾಳೆ. ಆ ಕರೀ ಕನ್ನಡಕ ಪೆಟ್ಟಿಗ್ಯಾಗ ಇಟ್ಟೀನಿ, ಹುಡುಕಬ್ಯಾಡ."

ಮಧ್ಯಾಹ್ನ ಅವರು ಬಂದರು. ಹುಡುಗನ ತಾಯಿ ನನ್ನ ಗದ್ದ ಹಿಡಿದು ಬೆಳಕಿಗೆ ಎತ್ತಿದಳು. "ಅಯ್ಯ, ಕಣ್ಣು ನೋಡ್ರಿ! ಕಾಡಿಗಿ ಇಲ್ಲದ ಎಷ್ಟು ಕರ್ರಗ ಅವ!"

ಹುಡುಗನ ಮಾವ ವರ್ತಮಾನಪತ್ರಿಕೆ ಮುಂದೆ ಚಾಚಿದ. "ಬಿ.ಎ. ಅಂತಲ್ಲ, ನಾಕು ಸಾಲು ಓದವಾ, ಕೇಳೋಣು."

ಹಾಳೆಯ ಮೇಲೆ ಯಾರೋ ಬೂದಿ ಸವರಿದಂತಿತ್ತು. ದೂರ ಹಿಡಿದೆ, ಹತ್ತಿರ ತಂದೆ. ಬೆಳಕಿಗೆ ಕಣ್ಣಲ್ಲಿ ನೀರು ಬಂತು. ತಲೆ ತಗ್ಗಿಸಿದೆ.

"ಬಿಡ್ರಿ, ನಾಚಿಕೊಂಡಾಳ!" ಎಂದು ಹುಡುಗನ ತಾಯಿ ನಕ್ಕಳು. "ಬಿ.ಎ. ಆದ್ರೂ ನಾಚಿಕಿ ಉಳದದ ನೋಡ್ರಿ. ಮತ್ತ ನಮ್ಮ ಮನ್ಯಾಗ ಪೇಪರ್ ಓದಸಾವ್ರು ಯಾರು?"

ಎಲ್ಲರಿಗಿಂತ ಜೋರಾಗಿ ಅವ್ವ ನಕ್ಕಳು. ಅಪ್ಪ ತಲೆ ಎತ್ತದೆ ಅಡಕತ್ತಿನಿಂದ ಅಡಕೆ ಕತ್ತರಿಸುತ್ತಿದ್ದ. ಚಹಾ ಮುಗಿಯುವ ಮೊದಲೇ ಅವರು ಒಪ್ಪಿಗೆ ಹೇಳಿಬಿಟ್ಟರು. ಔಷಧ ನನ್ನ ರೂಪವಾಗಿತ್ತು. ಕಾಣದಿರುವುದು ನನ್ನ ಗುಣವಾಗಿತ್ತು.

ಮರುದಿನ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಕೈಯಾಡಿಸಿ ಕನ್ನಡಕ ತೆಗೆದುಕೊಂಡು ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಮರಾಠಿಯಲ್ಲಿ, "ಕಣ್ಣು ಬಂದಿವೆಯೇನು?" ಎಂದು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಅವರ ಭಾಷೆಯಲ್ಲೂ ನಮ್ಮಂತೆಯೇ, ಅಂಟುವ ಕಣ್ಣುಬೇನೆಗೆ ಕಣ್ಣು 'ಬರುವುದು' ಎನ್ನುತ್ತಾರೆ. ನನ್ನವು ಬಂದ ಕಣ್ಣುಗಳಲ್ಲ, ಹೋಗುತ್ತಿರುವವು. ಇದು ಅಂಟುವುದಿಲ್ಲ ಎಂದಷ್ಟೇ ಹೇಳಿದೆ. ಪುಸ್ತಕ ಕೊಟ್ಟರು. ತೆರೆದು, ಮುಚ್ಚಿದೆ. ಎರಡು ವಾರ ಸಮಯ ಕೇಳಿದೆ.

"ಈ ಬೇನೆ ಮತ್ತೆ ಬರುವುದಿಲ್ಲ ಎಂದು ಬರೆದುಕೊಡುತ್ತೀರಾ?"

ಬರೆದುಕೊಡಲಾರೆ ಎಂದೆ. ಅವರು ಪುಸ್ತಕ ಹಿಂದಕ್ಕೆ ತೆಗೆದುಕೊಂಡರು.

ಅಲ್ಲಿಂದ ಅಂಚೆ ಕಚೇರಿಗೆ ನಡೆದು ಒಂದು ಕಾರ್ಡು ಕೊಂಡೆ. ಹುಡುಗನ ಮನೆಯ ವಿಳಾಸವನ್ನು ಗುಮಾಸ್ತನಿಂದ ಬರೆಸಿದೆ. ಉಳಿದದ್ದನ್ನು ದಪ್ಪಕ್ಷರದಲ್ಲಿ ನಾನೇ ಬರೆದೆ: "ನೀವು ಮೆಚ್ಚಿದ ಕಣ್ಣು ಔಷಧದ್ದು. ರೋಗ ಮತ್ತೆ ಬರುತ್ತದೆ. ನಾನು ನಾಚಿಕೊಂಡಿರಲಿಲ್ಲ." ಸಾಲಿನ ಮೇಲೆ ಸಾಲು ಬಿದ್ದಿತ್ತೋ ಏನೋ, ನನಗೆ ಕಾಣಲಿಲ್ಲ. ರಸ್ತೆಯಾಚೆಯ ಕೆಂಪು ಪೆಟ್ಟಿಗೆ ಮಾತ್ರ ಸ್ಪಷ್ಟವಾಗಿ ಕಂಡಿತು. ದಾಟಿ ಹೋಗಿ ಕಾರ್ಡನ್ನು ಅದರಲ್ಲಿ ಹಾಕಿದೆ.