ನಾನು ಒತ್ತಿದ ಸರಿಯುತ್ತರಗಳು

ಮೊನ್ನೆ ಟಿವಿಯ ರಿಮೋಟ್ ಕೆಲಸ ಮಾಡಲಿಲ್ಲವೆಂದು ಹಿಂಬದಿಯ ಮುಚ್ಚಳ ತೆಗೆದೆ. ಸೆಲ್ ಸೋರಿ, ಸ್ಪ್ರಿಂಗಿನ ಸುತ್ತ ಹಸಿರು ಪುಡಿ ಕಟ್ಟಿತ್ತು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೆಮಿಸ್ಟ್ರಿ ಮೇಷ್ಟ್ರು ನೆನಪಾದರು. ಅವರು ನೆನಪಾದಾಗಲೆಲ್ಲ ಈಗಲೂ ನನ್ನ ಮುಖ ಬಿಸಿಯಾಗುತ್ತದೆ.

ನಾನು ಮೊದಲ ವರ್ಷದ ಬಿಎಸ್ಸಿ ಓದುತ್ತಿದ್ದೆ. ಎಗ್ಮೋರಿನಲ್ಲಿ ರೈಲಿಳಿದು ನಡೆದು ಹೋಗುವಷ್ಟು ದೂರದ ಕಾಲೇಜು. ಮೂರು ಸೆಕ್ಷನ್ನಿನವರನ್ನೂ ಒಂದೇ ಗ್ಯಾಲರಿಯಲ್ಲಿ ತುಂಬುತ್ತಿದ್ದರು. ಹಿಂದಿನ ಸಾಲಿನಿಂದ ನೋಡಿದರೆ ಪಾಠ ಹೇಳುವವರು ಬೆರಳುದ್ದ ಕಾಣುತ್ತಿದ್ದರು. ಉಳಿದ ಮೇಷ್ಟ್ರುಗಳು ಬಂದು ಮೈಕಿನಲ್ಲಿ ನೋಟ್ಸ್ ಓದಿ, ಬೆಲ್ ಹೊಡೆದೊಡನೆ ಬದುಕಿದೆಯಾ ಬಡಜೀವವೇ ಎಂದು ಓಡುತ್ತಿದ್ದರು. ಈ ಮೇಷ್ಟ್ರು ಮಾತ್ರ ಪ್ರಿನ್ಸಿಪಾಲರನ್ನು ಕಾಡಿ ಬೇಡಿ ನಮಗೆಲ್ಲ ಒಂದೊಂದು ಪುಟ್ಟ ರಿಮೋಟ್ ತರಿಸಿದ್ದರು.

ಪರದೆಯ ಮೇಲೆ ಪ್ರಶ್ನೆ ಬರುತ್ತಿತ್ತು, ನಾವು ಉತ್ತರ ಒತ್ತಬೇಕು. ಯಾವ ಉತ್ತರಕ್ಕೆ ಎಷ್ಟು ಜನ ಎಂದು ಬಣ್ಣದ ಕಂಬಗಳು ಏಳುತ್ತಿದ್ದವು. ಆಮೇಲೆ ಅವರು, ಪಕ್ಕದವರ ಜೊತೆ ಜಗಳವಾಡಿ, ನಿಮ್ಮದೇ ಸರಿ ಎಂದು ಒಪ್ಪಿಸಿ ಎನ್ನುತ್ತಿದ್ದರು. ಗ್ಯಾಲರಿ ಮೀನಿನ ಮಾರುಕಟ್ಟೆಯಾಗುತ್ತಿತ್ತು. ಮತ್ತೆ ಒತ್ತಿದಾಗಲೂ ಸರಿಯುತ್ತರದ ಕಂಬ ಗಿಡ್ಡವಿದ್ದರೆ, ಬೇಸರಪಡದೆ ಅದೇ ಪಾಠವನ್ನು ಬೇರೊಂದು ದಾರಿಯಿಂದ ಹೇಳುತ್ತಿದ್ದರು. ಕಂಬ ಎದ್ದರೆ ಮುಂದಿನ ಪಾಠ. ಅಷ್ಟು ಜನರ ಮನಸ್ಸಿನೊಳಗೆ ಇಣುಕಲು ಅವರಿಗಿದ್ದದ್ದು ಅದೊಂದೇ ಕಿಟಕಿ.

ಆದರೆ ಹಾಜರಿಯೂ ಆ ರಿಮೋಟಿನಿಂದಲೇ. ಸರಿಯುತ್ತರಕ್ಕೆ ಇಂಟರ್ನಲ್ ಮಾರ್ಕಿನಲ್ಲಿ ಒಂದಿಷ್ಟು ಪಾಲೂ ಇತ್ತು. ಇನ್ನು ಕೇಳಬೇಕೆ! ವಡಪಳನಿಗೆ ಸಿನಿಮಾ ನೋಡಲು ಹೊರಟ ಗೆಳತಿಯರು, “ಎನ್ನೋಡದೈಯುಂ ಅಮುಕ್ಕಿಡುಡೀ”, ನನ್ನದನ್ನೂ ಒತ್ತಿಬಿಡೇ, ಎಂದು ತಮಿಳಿನಲ್ಲಿ ಹೇಳಿ ತಮ್ಮ ರಿಮೋಟುಗಳನ್ನೂ ನನ್ನ ಚೀಲಕ್ಕೆ ತುರುಕಿ ಹೋಗುತ್ತಿದ್ದರು. ನನಗೇ ಯಾಕೆ ಕೊಟ್ಟರು? ನಾನು ಕ್ಲಾಸಿಗೆ ಮೊದಲಿಗಳು! ನನ್ನಂಥ ಜಾಣೆಯರು ಸಾಲಿಗೊಬ್ಬರು ಚೀಲ ಹಿಡಿದು ಕೂತಿದ್ದೆವು. ಚೀಲದೊಳಗೆ ಕೈಬಿಟ್ಟು ಒಂದೊಂದನ್ನೇ ತಡಕಿ ಒತ್ತುತ್ತಿದ್ದೆ. ಬೇರೆಯವರ ಹೆಸರಿನಲ್ಲಾದರೂ ಸರಿ, ತಪ್ಪುತ್ತರ ಒತ್ತಲು ನನಗೆ ಮನಸ್ಸು ಬರುತ್ತಿರಲಿಲ್ಲ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ.

ರಾಸಾಯನಿಕ ಸಮತೋಲನದ ಪಾಠ ಶುರುವಾಯಿತು. ಕಬ್ಬಿಣದ ಕಡಲೆ. ಎದುರಿಗೆ ಕೂತವರಲ್ಲಿ ಅರ್ಧಕ್ಕರ್ಧ ಜನ ಕಣ್ಣು ಕಣ್ಣು ಬಿಡುತ್ತಿದ್ದರು, ಪರದೆಯ ಮೇಲೆ ಮಾತ್ರ ಸರಿಯುತ್ತರದ ಕಂಬ ಜೋರಾಗಿ ಏಳುತ್ತಿತ್ತು. ಮೇಷ್ಟ್ರು ಅದನ್ನು ನಂಬಿದರು. ಖುಷಿಯಿಂದ ಕೈ ಉಜ್ಜಿಕೊಂಡು ಮುಂದಕ್ಕೆ ಹೋದರು.

ಟೆಸ್ಟಿನಲ್ಲಿ ಗ್ಯಾಲರಿಯ ಹೆಚ್ಚಿನವರು ಮುಗ್ಗರಿಸಿದರು. ನಿಮ್ಮ ಈ ಆಟ ಸಾಕು ಎಂದು ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಹೇಳಿದರಂತೆ. ಮಾರನೆಯ ದಿನ ಮೇಷ್ಟ್ರು ಮೈಕ್ ಹಿಡಿದು, ತಪ್ಪು ನನ್ನದು, ನಿಮಗೆ ಅರ್ಥವಾಯಿತೆಂದುಕೊಂಡು ಅವಸರಪಟ್ಟೆ, ಕ್ಷಮಿಸಿ ಎಂದರು. ಅಷ್ಟು ದೊಡ್ಡವರು ನಮ್ಮೆದುರು ತಲೆ ತಗ್ಗಿಸಿ ನಿಂತಿದ್ದರು. ಚೀಲ ನನ್ನ ತೊಡೆಯ ಮೇಲಿತ್ತು. ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಆದರೂ ಅವರು ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದಾಗ, ನಾಚಿಕೆಗೆಟ್ಟ ನನ್ನ ಕೈ ಚೀಲದೊಳಗೆ ಹೋಯಿತು.

ಅವರು ಮೆಟ್ಟಿಲು ಹತ್ತಿ ನಮ್ಮ ಸಾಲಿನ ಪಕ್ಕದಲ್ಲೇ ನಿಂತಿದ್ದನ್ನು ನಾನು ನೋಡಿರಲಿಲ್ಲ. ತಲೆಯೆತ್ತಿದರೆ ಅವರ ಕಣ್ಣು ಚೀಲದ ಮೇಲಿತ್ತು. ಅವರದು ಕುಂದಾಪುರದ ಕಡೆಯಿಂದ ಬಂದ ಹೋಟೆಲಿನ ಮನೆತನ. ಅವರ ಅಣ್ಣನ ಹೋಟೆಲಿನಲ್ಲಿ ನಮ್ಮಪ್ಪ ಕಾಫಿ ಕುಡಿಯುತ್ತಿದ್ದರು, ಹಾಗಾಗಿ ನಾನು ಕನ್ನಡದವಳೆಂದು ಅವರಿಗೆ ಗೊತ್ತಿತ್ತು. ಕಾಲೇಜಿನಲ್ಲಿ ನಾನು ತಮಿಳಿನಲ್ಲೇ ಉತ್ತರಿಸುತ್ತಿದ್ದುದರಿಂದ ಅವರೂ ಕನ್ನಡ ಎತ್ತುತ್ತಿರಲಿಲ್ಲ. ಅವತ್ತು ಮೈಕನ್ನು ಅಂಗೈಯಿಂದ ಮುಚ್ಚಿ, ಸುತ್ತಲಿನವರಿಗೆ ತಿಳಿಯದಂತೆ, ನಮ್ಮ ಭಾಷೆಯಲ್ಲಿ ಮೆಲ್ಲಗೆ ಹೇಳಿದರು.

“ಎಂತ ಮಾರಾಯ್ತಿ ಇದು… ಒಂದಾದ್ರೂ ತಪ್ಪು ಒತ್ತಿದ್ರೆ ನಂಗೆ ಗೊತ್ತಾಗ್ತಿತ್ತಲ್ಲ.”

ಬೈಯಲಿಲ್ಲ, ಹೆಸರು ಬರೆದುಕೊಳ್ಳಲಿಲ್ಲ. ಇಳಿದು ಹೋಗಿ ಆ ಪಾಠವನ್ನು ಮೊದಲಿನಿಂದ ಶುರುಮಾಡಿದರು. ಪ್ರಿನ್ಸಿಪಾಲರಿಗೆ ಹೇಳಿ ತಮ್ಮ ಮಾನ ಉಳಿಸಿಕೊಳ್ಳಬಹುದಿತ್ತು, ನಮ್ಮ ತಪ್ಪನ್ನೂ ಹೊಟ್ಟೆಗೆ ಹಾಕಿಕೊಂಡರು. ಮುಂದಿನ ಟರ್ಮಿಗೆ ರಿಮೋಟುಗಳು ಬೀರು ಸೇರಿದವು. ಗ್ಯಾಲರಿಗೆ ಸ್ಲೈಡ್ ಓದುವ ಇನ್ನೊಬ್ಬರು ಬಂದರು. ಮೇಷ್ಟ್ರನ್ನು ಹಿಂಭಾಗದ ಲ್ಯಾಬಿಗೆ ಹಾಕಿದರು. ಮತ್ತೆ ಅವರಿಗೆ ದೊಡ್ಡ ತರಗತಿ ಸಿಗಲೇ ಇಲ್ಲವಂತೆ. ನಾನು ಪ್ರಿನ್ಸಿಪಾಲರ ಬಾಗಿಲು ತಟ್ಟಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನನಗೆ ಅವರಿಗಿಂತ ನನ್ನ ಮಾರ್ಕು ಹೆಚ್ಚಾಯಿತು, ಗೆಳತಿಯರು ಹೆಚ್ಚಾದರು. ಲ್ಯಾಬಿನ ಕಾರಿಡಾರಿನಲ್ಲಿ ಎದುರಾದಾಗ ಅವರೇ ನಗುತ್ತಿದ್ದರು, ನಾನು ಗೋಡೆ ನೋಡಿಕೊಂಡು ದಾಟುತ್ತಿದ್ದೆ.

ಈಗ ನಾನೂ ಪಾಠ ಹೇಳುವವಳು. ಪಲ್ಲಾವರಂ ಕಡೆಯ ಕಾಲೇಜಿನಲ್ಲಿ ನನ್ನೆದುರೂ ಅಂಥದೇ ಗ್ಯಾಲರಿ. ಮಕ್ಕಳು ಫೋನಿನಲ್ಲಿ ಉತ್ತರ ಒತ್ತುತ್ತಾರೆ. ಎಲ್ಲರದೂ ಸರಿ ಬಂದ ದಿನ ನನಗೆ ಖುಷಿಯಾಗುವುದಿಲ್ಲ, ಎದೆ ಝಲ್ಲೆನ್ನುತ್ತದೆ. ಒಂದು ದಿನ ಅವರ ಮನೆ ಹುಡುಕಿಕೊಂಡು ಹೋಗಿ ಇದನ್ನೆಲ್ಲ ಹೇಳಬೇಕು, ಈ ಬೇಸಿಗೆ ರಜೆಯಲ್ಲಿ, ಇಲ್ಲ ಮುಂದಿನ ರಜೆಯಲ್ಲಿ… ಎನ್ನುತ್ತಲೇ ವರ್ಷಗಳು ಕಳೆದವು.

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ನಮ್ಮ ಹಳೆಯ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಬಂತು. ಸಿನಿಮಾಕ್ಕೆ ಓಡುತ್ತಿದ್ದವರಲ್ಲೊಬ್ಬಳು, ಸರ್ ಕ್ಲಾಸನ್ನು ನಾನು ಒಂದು ದಿನವೂ ತಪ್ಪಿಸಿರಲಿಲ್ಲ ಎಂದು ಬರೆದಿದ್ದಳು. ನಿಜ ಏನೆಂದು ಬರೆಯತೊಡಗಿ, ಅರ್ಧಕ್ಕೇ ಅಳಿಸಿದೆ. ಆಮೇಲೆ ಎಲ್ಲರಂತೆ ನಾನೂ ಅವಳ ಮಾತಿಗೆ ಒಂದು ಹೃದಯ ಹಾಕಿದೆ.